ಕಡಲ ವರ್ಣನೆಯೂ ಕಡಲೂ

ಕಾವ್ಯಲಕ್ಷಣದ ಪಾಠ ಬಂದಾಗ ಅಷ್ಟಾದಶ ವರ್ಣನೆಗಳ ಪಟ್ಟಿಯನ್ನು ಹುಡುಗರಿಗೆ ಬರೆಸುವುದು ನಮ್ಮಂಥ ಅಧ್ಯಾಪಕರ ನಿತ್ಯಕರ್ಮ. ಪುರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ ಎಂದು ಮೊದಲಾಗುವ ಆ ಪಟ್ಟಿಯನ್ನು ನಾನೂ ಎಷ್ಟೋ ವರ್ಷಗಳಿಂದ ಬರೆಸುತ್ತ ಬಂದಿದ್ದೇನೆ. ಹೋದ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಈ ಕವಿಗಳು ಸಮುದ್ರ ನೋಡಿದ್ರೇನ್ರಿ?" ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕೆ, ನೋಡಿರಲೇಬೇಕೆಂದಿಲ್ಲ, ಕವಿಸಮಯ ಎಂಬುದೊಂದು ಉಂಟು ಎಂದು ನಾಲ್ಕು ಮಾತು ಹೇಳಿ ಮುಂದಕ್ಕೆ ಹೊರಟೆ. ಆದರೆ ಹುಡುಗ ಕುಳಿತಿರಲಿಲ್ಲ. "ನೀವು ನೋಡೀರೇನ್ರಿ ಸರ್?" ಎಂದ. ಒಮ್ಮೆ ಮುಂಬಯಿಗೆ ನೆಂಟರ ಮದುವೆಗೆ ಹೋದಾಗ ಜನಜಂಗುಳಿಯ ಹೆಗಲುಗಳ ನಡುವೆ ಒಂದಿಷ್ಟು ಬೂದುಬಣ್ಣದ ನೀರು ಕಂಡಿತ್ತು. ಅದನ್ನೇ ನೋಡಿದ್ದೇನೆಂದು ಹೇಳಲು ನನಗೆ ನಾಲಗೆ ಏಳಲಿಲ್ಲ.

ನಮ್ಮೂರು ಅಫಜಲಪುರ ತಾಲೂಕಿನ ಅತನೂರ. ಎರೆಹೊಲ, ತೊಗರಿ, ಬಿಳಿಜೋಳ. ದೊಡ್ಡ ನೀರು ಎಂದರೆ ನಮಗೆ ಭೀಮೆ, ಬೇಸಗೆಯಲ್ಲಿ ಅದೂ ಬಹುಪಾಲು ಮರಳು. ಈ ನೆಲದವನಿಗೆ ಕಡಲು ಓದಿ ತಿಳಿಯತಕ್ಕ ವಸ್ತುವೇ ಹೊರತು ಕಂಡು ತಿಳಿಯತಕ್ಕದ್ದಲ್ಲ. ಆದರೆ ವಿಚಾರ ಮಾಡಿದರೆ ಇದು ನನ್ನೊಬ್ಬನ ಪಾಡಲ್ಲ, ಕನ್ನಡ ಕಾವ್ಯದ ಪಾಡೂ ಹೌದು ಎನಿಸುತ್ತದೆ. ನಮಗೆ ಉಳಿದುಬಂದಿರುವ ಮೊದಲ ಲಕ್ಷಣಗ್ರಂಥವಾದ 'ಕವಿರಾಜಮಾರ್ಗ' ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿತು. ಅವರ ರಾಜಧಾನಿ ಮಾನ್ಯಖೇಟ ಇಂದಿನ ಮಳಖೇಡ. ನಮ್ಮದೇ ಜಿಲ್ಲೆಯ ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಡದ ಊರು. ಕಡಲು ಅಲ್ಲಿಂದ ಎತ್ತಿನ ಬಂಡಿಗೆ ಎಷ್ಟು ದಿನದ ದಾರಿಯೋ! ಆ ಗ್ರಂಥ ಕನ್ನಡನಾಡಿನ ಎಲ್ಲೆಯನ್ನು ಹೇಳುವಾಗ ಕಾವೇರಿ ಗೋದಾವರಿಗಳನ್ನು ಹೆಸರಿಸಿತು. ಪಡುವಣ ಕಡಲನ್ನು ಹೆಸರಿಸಲಿಲ್ಲ. ಅದು ಬಹುಮಟ್ಟಿಗೆ ಆಶ್ರಯಿಸಿದ ದಂಡಿಯ 'ಕಾವ್ಯಾದರ್ಶ'ವೋ ಮಹಾಕಾವ್ಯದಲ್ಲಿ ಸಮುದ್ರವರ್ಣನೆ ಇರಬೇಕೆಂದು ವಿಧಿಸಿತ್ತು. ಹೀಗೆ ನೋಡದಿದ್ದರೂ ವರ್ಣಿಸಲೇಬೇಕಾದ ವಸ್ತುವಾಗಿ ಕಡಲು ನಮ್ಮ ಕಾವ್ಯದೊಳಕ್ಕೆ ಬಂತು.

ಬಂದದ್ದಾದರೂ ಹೇಗೆ? ೯೪೧ರಲ್ಲಿ ರಚಿತವಾದ ಪಂಪನ 'ಆದಿಪುರಾಣ'ದಲ್ಲಿ ಭರತಚಕ್ರವರ್ತಿ ದಿಗ್ವಿಜಯಕ್ಕೆ ಹೊರಟು ಕಡಲ ತಡಿಗೆ ಬರುತ್ತಾನೆ. ಒಬ್ಬನೇ ಬರುವುದಿಲ್ಲ, ಸೇನೆಯೊಡನೆ ಬರುತ್ತಾನೆ. ಭೂಮಿ ಮುಗಿಯಿತು, ಗೆಲ್ಲಲು ಇನ್ನು ನೆಲವಿಲ್ಲ ಎಂದು ಹೇಳುವುದಕ್ಕಾಗಿ ಅಲ್ಲಿ ಕಡಲಿದೆ. ಅಕ್ಕಮಹಾದೇವಿ ತನ್ನ ಪ್ರಸಿದ್ಧ ವಚನವೊಂದರಲ್ಲಿ ಕಡಲದಡದ ಮನೆಯನ್ನು ನಿದರ್ಶನ ಮಾಡಿಕೊಂಡಳು. ಅಲ್ಲಿ ಆಕೆಗೆ ಬೇಕಾದದ್ದು ಮನುಷ್ಯನ ಅಂಜಿಕೆಯ ವಿಚಾರವೇ ಹೊರತು ಮನೆಯೂ ಅಲ್ಲ, ತೆರೆಯೂ ಅಲ್ಲ. ಹಳಬರನ್ನು ಇದಕ್ಕಾಗಿ ದೂರುವುದು ಸಲ್ಲದು. ಅವರ ಕಡಲು ಮನಸ್ಸಿನ ಒಂದು ಅಳತೆಗೋಲು. ಗಾಂಭೀರ್ಯವನ್ನೋ ಸಂಸಾರವನ್ನೋ ಅದರಿಂದ ಅಳೆದರು. ನಾನು ಕಂಡೆ ಎಂದು ಅವರು ಎಲ್ಲಿಯೂ ಸಾಕ್ಷಿ ನುಡಿಯಲಿಲ್ಲ.

ತಕರಾರು ಇರುವುದು ಕಂಡೆ ಎಂದು ಹೇಳುವವರ ಮೇಲೆ. ಪ್ರವಾಸಪ್ರಬಂಧ ಎಂಬ ಪ್ರಕಾರ ಈಗ ನಮ್ಮಲ್ಲಿ ಹುಲುಸಾಗಿ ಬೆಳೆದಿದೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ, ಪ್ರಬಂಧಸ್ಪರ್ಧೆಗೆ, ಕೆಲವೊಮ್ಮೆ ಪುಸ್ತಕಗಳಿಗೇ ಮುನ್ನುಡಿ ಬೇಡಿ, ಇಂಥ ಬರಹ ನನ್ನ ಮೇಜಿನ ಮೇಲೆ ಬಂದು ಬೀಳುತ್ತದೆ. ಬಸ್ಸು ಎಷ್ಟು ಗಂಟೆಗೆ ಹೊರಟಿತೆಂಬಲ್ಲಿ ಆರಂಭ. ನಡುವೆ ಜೊತೆಗಾರರ ಹಾಸ್ಯ, ಛತ್ರದ ಊಟ, ದೇವಸ್ಥಾನದ ಸ್ಥಳಪುರಾಣ. ಕಡಲು ಬಂದೊಡನೆ 'ಅನಂತ', 'ಅಗಾಧ', 'ನೀಲಿಮೆ', 'ಮೂಕವಿಸ್ಮಿತ'. ಕೊನೆಗೆ ಮನಸ್ಸು ತುಂಬಿ ಬಂತೆಂಬಲ್ಲಿ ಮುಕ್ತಾಯ. ಹೆಸರು ತೆಗೆದು ಹಾಕಿದರೆ ಮಲ್ಪೆಯೋ ಮುರುಡೇಶ್ವರವೋ ಕನ್ಯಾಕುಮಾರಿಯೋ ಹೇಳಲಾಗದು. ಭರತನ ಸೇನೆ ಇನ್ನೂ ದಿಗ್ವಿಜಯದಲ್ಲಿಯೇ ಇದೆ. ಆನೆ ಕುದುರೆಗಳ ಬದಲಿಗೆ ಟೆಂಪೊ ಬಂದಿದೆ, ಅಷ್ಟೆ. ಇಷ್ಟನ್ನೂ ಇತರರ ತಪ್ಪೆಂದು ಹೇಳುತ್ತ ಕೂರುವ ಧೈರ್ಯ ಆ ಹುಡುಗನ ಪ್ರಶ್ನೆಯ ಮೇಲೆ ನನಗೆ ಉಳಿಯಲಿಲ್ಲ. ಈ ಚಳಿಗಾಲದ ರಜೆಯಲ್ಲಿ ಒಬ್ಬನೇ ಹೊರಟೆ. ನನಗೆ ನಾನೇ ಹಾಕಿಕೊಂಡ ಕರಾರು ನಾಲ್ಕು: ಜೊತೆ ಬೇಡ, ಒಂದು ದಿನ, ಒಂದೇ ದಡ, ಗಡಿಬಿಡಿ ಕೂಡದು.

ನಮ್ಮ ರಾಜ್ಯದ ಕಡಲಂಚು ೩೦೦ ಕಿಲೋಮೀಟರಿಗೂ ಉದ್ದ. ನಾನು ಆರಿಸಿಕೊಂಡದ್ದು ಅದರ ಬಡಗಣ ತುದಿಯನ್ನು, ಕಾರವಾರದಾಚೆಯ ಮಾಜಾಳಿಯನ್ನು. ತೆಂಕಣದ ಕಡೆ ಮರಳದಂಡೆ ಮೈಲುಗಟ್ಟಲೆ ನೇರವಾಗಿ ಹೋಗುತ್ತದೆ. ಬಡಗಣಕ್ಕೆ ಬಂದಂತೆ ಸಹ್ಯಾದ್ರಿಯ ಕವಲುಗಳು ಕಡಲಿನವರೆಗೂ ಚಾಚಿ, ದಂಡೆಯನ್ನು ತುಂಡುತುಂಡು ಮಾಡಿ, ಕಲ್ಲಿನ ಮೂತಿಗಳಾಗಿ ನೀರಿಗೆ ಇಳಿದಿವೆ. ಮುಂದೆ ಗೋವೆಯ ಗಡಿ. ಮಹಾರಾಷ್ಟ್ರದ ಗಡಿಗೆ ಹತ್ತಿದ ತಾಲೂಕಿನವನಾದ ನನಗೆ ಇನ್ನೊಂದು ಗಡಿ ಅಪರಿಚಿತವೆನಿಸಲಿಲ್ಲ. ಅಂಗಡಿಯಲ್ಲಿ ಒಂದು ಭಾಷೆ, ಮನೆಯಲ್ಲಿ ಒಂದು ಭಾಷೆ ಎಂಬುದು ನಮ್ಮ ಕಡೆಗೂ ರೂಢಿಯ ಮಾತೇ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲೆಯ ಮೇಲೆ ಕಾರವಾರ ಮುಟ್ಟಿದೆ. ರಾತ್ರಿ ಅಲ್ಲಿ ತಂಗಿ, ನಸುಕಿನಲ್ಲಿ ಕಾಳಿಯ ಸೇತುವೆ ದಾಟಿದೆ. ಅದರ ಪಕ್ಕದ ಹಳೆಯ ಸೇತುವೆಯೇ ೨೦೨೪ರ ಆಗಸ್ಟ್ ೭ರ ನಡುರಾತ್ರಿ ಲಾರಿಯೊಂದರ ಸಮೇತ ಹೊಳೆಗೆ ಕುಸಿದದ್ದು.

ಮಾಜಾಳಿಯ ದಡಕ್ಕೆ ಬಂದಾಗ ಇನ್ನೂ ಮಬ್ಬು. ದೂರದಲ್ಲಿ ಐದಾರು ದೋಣಿಗಳು. ಮೀನುಗಾರರು ದಿನದ ಕೆಲಸಕ್ಕೆ ಹೊರಟಿದ್ದರು. ನಾನು ಕಡಲಿಗೆ ಮುಖಮಾಡಿ ಕುಳಿತು ಸೂರ್ಯೋದಯಕ್ಕೆ ಕಾದೆ. ಓದುಗರು ನಗಬಾರದು. ಕಾದದ್ದು ಪಶ್ಚಿಮಕ್ಕೆ ಮುಖಮಾಡಿ! ಪುಸ್ತಕದಲ್ಲಿ ಸೂರ್ಯ ಕಡಲಿನಿಂದ ಏಳುವುದನ್ನು ಅಷ್ಟು ಸಲ ಓದಿದ್ದೆ. ನಮ್ಮ ಕಡಲಿನಲ್ಲಿ ಅವನು ಮುಳುಗುತ್ತಾನೆ, ಏಳುವುದಿಲ್ಲ. ಏಳುವುದು ಬೆನ್ನ ಹಿಂದೆ, ಘಟ್ಟದ ಮೇಲೆ. ಇದು ಶಾಲೆಯ ಭೂಗೋಳ. ಆದರೆ ಅದರಿಂದ ಆಗುವುದೇನೆಂಬುದನ್ನು ಭೂಗೋಳ ಹೇಳಿರಲಿಲ್ಲ. ಗುಡ್ಡದ ನೆರಳು ದಡದ ಮೇಲೆ ಬಿದ್ದಿರುವಾಗ ಬೆಳಕು ಮೊದಲು ಮುಟ್ಟುವುದು ದೂರದ ನಡುಗಡ್ಡೆಗಳ ನೆತ್ತಿಯನ್ನು, ಆಮೇಲೆ ದೋಣಿಗಳನ್ನು, ಆಮೇಲೆ ಒಂದೊಂದೇ ಅಲೆಯನ್ನು. ಬೆಳಗು ಕಡಲ ಕಡೆಯಿಂದ ನಮ್ಮ ಕಾಲಬುಡಕ್ಕೆ ನಡೆದು ಬರುತ್ತದೆ, ಸೂರ್ಯ ಮಾತ್ರ ಹಿಂದೆ ಇರುತ್ತಾನೆ. ನಾನು ಮುನ್ನುಡಿ ಬರೆದುಕೊಟ್ಟ ಪ್ರಬಂಧಗಳಲ್ಲಿ ಕಾರವಾರದ ಕಡಲಿನಿಂದ ಸೂರ್ಯನನ್ನು ಎಬ್ಬಿಸಿದವರು ಇದ್ದರು. ನಾನು ತಿದ್ದಿರಲಿಲ್ಲ.

ಜೇಬಿನ ಪುಸ್ತಕ ತೆಗೆದು ಒಂದು ವಾಕ್ಯ ಬರೆದೆ: 'ಕಣ್ಣು ಹರಿದಷ್ಟು ದೂರ ಅನಂತ ನೀಲಿಮೆ.' ತಲೆಯೆತ್ತಿ ನೋಡಿದರೆ ನೀಲಿ ಎಲ್ಲಿಯೂ ಇಲ್ಲ. ನೀರು ಹಿತ್ತಾಳೆಯ ಹಳೆಯ ತಟ್ಟೆಯ ಬಣ್ಣ, ಆಚೆಗೆ ಬಿಳಿಚು, ಬಾನು ನೀರು ಕೂಡುವ ಗೆರೆಯೇ ಇಲ್ಲ, ಮಂಜಿನಲ್ಲಿ ಎರಡೂ ಕಲಸಿಹೋಗಿವೆ. ಕಣ್ಣು ಬಹುದೂರ ಹರಿಯಲೂ ಇಲ್ಲ. ವಾಕ್ಯವನ್ನು ಹೊಡೆದು ಹಾಕಿದೆ. ನಾನು ಕಂಡದ್ದನ್ನು ಬರೆದಿರಲಿಲ್ಲ, ಕೈ ತನ್ನ ರೂಢಿಯಂತೆ ಬರೆದಿತ್ತು.

ದಡದಲ್ಲಿ ಒಬ್ಬ ಹಿರಿಯರು ಕಾಲು ಚಾಚಿ ಕುಳಿತು, ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದರು. ಮಾತಿಗೆ ಕುಳಿತೆ. ಹೊತ್ತೇರುವವರೆಗೂ ಗಾಳಿ ನೆಲದ ಕಡೆಯಿಂದ ಬೀಸುತ್ತದೆಂದೂ, ಅದಕ್ಕೇ ಬೆಳಗಿನ ನೀರು ಹೀಗೆ ಮಲಗಿರುತ್ತದೆಂದೂ, ಮಧ್ಯಾಹ್ನದ ಮೇಲೆ ಗಾಳಿ ತಿರುಗಿ ಪಡುವಣದಿಂದ ಬಂದಾಗ ಎದ್ದು ಕೂರುತ್ತದೆಂದೂ ಹೇಳಿದರು. ಗುಡ್ಡದಾಚೆಯ ದಡಕ್ಕೆ ಹೋಗಬೇಕೆಂದೆ. "ಹೋಗುದಾದ್ರೆ ಈಗ ಇಳ್ತ ಉಂಟು, ಹೋಗಿ ಮಾಸ್ತರೆ. ಮೂರು ಗಂಟೆ ಒಳಗೆ ತಿರುಗಿ ಬನ್ನಿ. ಕೆಳಗಿನ ಕಲ್ಲಿಗೆ ನೀರು ಬರ್ತದೆ" ಎಂದರು. ನಾನು ಮಾಸ್ತರನೆಂದು ಹೇಳಿರಲಿಲ್ಲ!

ಹೋಗುವ ಮುನ್ನ ರವೀಂದ್ರನಾಥ ಠಾಕೂರರ ಮಾತೊಂದನ್ನು ಇಲ್ಲಿ ಎತ್ತಿಕೊಳ್ಳಬೇಕು. ಈ ದಡಗಳ ಬಗೆಗೆ ಬರೆದವರಲ್ಲಿ ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ೧೮೮೩ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಅವರು ಬಂದಿದ್ದರು. ಕಾರವಾರದ ಕಡಲದಂಡೆಗೆ ಈಗ ಅವರದೇ ಹೆಸರು. 'ಜೀವನಸ್ಮೃತಿ'ಯಲ್ಲಿ ಕಾರವಾರದ ಮೇಲೆ ಒಂದು ಪುಟ್ಟ ಅಧ್ಯಾಯವಿದೆ. ಬೆಳುದಿಂಗಳಲ್ಲಿ ದೋಣಿಯಲ್ಲಿ ಕಾಳಿಯ ಮೇಲೆ ಹೋದದ್ದು, ತಿರುಗಿ ಬಂದು ಹೊಳೆ ಕಡಲು ಸೇರುವಲ್ಲಿ ಇಳಿದು, ಗಾಳಿಮರದ ತೋಪಿನ ಪಕ್ಕದ ಮರಳಿನಲ್ಲಿ ಮನೆಗೆ ನಡೆದದ್ದು, ಇಷ್ಟೇ ವಿಷಯ. ಆ ರಾತ್ರಿಯೇ ಅವರು ಒಂದು ಕವಿತೆ ಬರೆದರು. ಅದನ್ನೂ ಅಧ್ಯಾಯದಲ್ಲಿ ಸೇರಿಸಿದ್ದಾರೆ. ಸೇರಿಸಿ, ಭಾವ ಉಕ್ಕುತ್ತಿರುವಾಗ ಬರೆದದ್ದು ಒಳ್ಳೆಯದೇ ಆಗಿರಬೇಕೆಂದಿಲ್ಲ, ತೀರ ಹತ್ತಿರವಿದ್ದರೆ ಕಲ್ಪನೆಯ ಕೈ ಆಡುವುದಿಲ್ಲ, ಕಾವ್ಯದ ಬಣ್ಣ ಹಚ್ಚಲು ನೆನಪಿನ ಕುಂಚವೇ ತಕ್ಕದ್ದು ಎಂಬರ್ಥದ ಮಾತು ಹೇಳುತ್ತಾರೆ. ತನ್ನ ಕವಿತೆಯ ಮೇಲೆ ತಾನೇ ಕೊಟ್ಟ ಈ ತೀರ್ಪು ನನಗೆ ಆ ಕವಿತೆಗಿಂತ ದೊಡ್ಡದಾಗಿ ಕಾಣುತ್ತದೆ. ಪುಸ್ತಕ ಹೊರಬಂದದ್ದು ೧೯೧೨ರಲ್ಲಿ. ಆ ಮರಳಿಗೂ ಆ ಗದ್ಯಕ್ಕೂ ನಡುವೆ ಸುಮಾರು ಮೂವತ್ತು ವರ್ಷ. ಗದ್ಯವನ್ನು ಓದಿ ನೋಡಿ: ಮರದ ನೆರಳು, ನಿಂತ ಗಾಳಿ, ದಣಿದ ಕಾಲು, ಮಾತಿಲ್ಲದ ಜನ. ಅಲ್ಲಿ ಕಡಲಿಗೆ ವಿಶೇಷಣಗಳ ಹೊರೆ ಇಲ್ಲ.

ಇದೇ ಕಾರವಾರದಲ್ಲಿ ಅವರು 'ಪ್ರಕೃತಿರ್ ಪ್ರತಿಶೋಧ' ನಾಟಕವನ್ನು ಬರೆದರು. ಬಂಧನಗಳನ್ನೆಲ್ಲ ಕಡಿದು ಅನಂತವನ್ನು ಹಿಡಿಯಲು ಹೊರಟ ಸಂನ್ಯಾಸಿಯೊಬ್ಬನನ್ನು ಒಂದು ಪುಟ್ಟ ಹುಡುಗಿಯ ಪ್ರೀತಿ ಲೋಕಕ್ಕೆ ಮರಳಿಸುತ್ತದೆ. ಸೀಮೆಯುಳ್ಳದ್ದರಲ್ಲಿಯೇ ಸೀಮೆಯಿಲ್ಲದ್ದನ್ನು ಕಾಣುವ ಆನಂದ ತನ್ನ ಮುಂದಿನ ಬರಹಕ್ಕೆಲ್ಲ ಪೀಠಿಕೆಯೆಂದು ಅವರು ನೆನಪಿಸಿಕೊಂಡರು. ಕಡಲ ದಡದಲ್ಲಿ ಕುಳಿತ ತರುಣ ಕವಿ ಅನಂತದ ಮೇಲೆ ಅನುಮಾನಪಟ್ಟು ಬರೆದ ನಾಟಕವಿದು. ನಮ್ಮ ಪ್ರವಾಸಿ ಅದೇ ದಡದಲ್ಲಿ ಐದು ನಿಮಿಷ ನಿಂತು 'ಅನಂತ' ಎಂದು ಬರೆದು ಚಹಕ್ಕೆ ಹೋಗುತ್ತಾನೆ.

ಗುಡ್ಡದ ಬುಡದ ಬಂಡೆಗಳನ್ನು ಹಾಯ್ದು ಕಾಲುದಾರಿ ಮೇಲೇರುತ್ತದೆ. ಇಳಿತದಿಂದ ಹೊರಬಿದ್ದ ಕಲ್ಲುಗಳ ಮೇಲೆ ಚಿಪ್ಪುಗಳು ಒತ್ತಾಗಿ ಅಂಟಿದ್ದವು. ಇಬ್ಬರು ಹೆಂಗಸರು ಕಬ್ಬಿಣದ ಮೊನೆಯಿಂದ ಅವನ್ನು ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದರು. ನನ್ನನ್ನು ಒಮ್ಮೆ ನೋಡಿ ಕೆಲಸ ಮುಂದುವರಿಸಿದರು. ನೆತ್ತಿಗೇರಿ ಆಚೆ ಇಳಿದರೆ ತಿಳಮಾತಿ. ಎರಡು ಕಲ್ಲಿನ ಮೂತಿಗಳ ನಡುವೆ ಸಿಕ್ಕಿಕೊಂಡ ಸಣ್ಣ ದಡ, ಮರಳು ಕಪ್ಪು. ಮೊದಲು ನೋಡಿದಾಗ ಹಡಗಿನ ಎಣ್ಣೆ ಬಂದು ಮೆತ್ತಿದೆಯೆಂದುಕೊಂಡೆ. ಕೈಯಲ್ಲಿ ಹಿಡಿದರೆ ಕಾಳುಕಾಳಾಗಿ ಜಾರಿತು, ಅಂಟಲಿಲ್ಲ. ಕೊಂಕಣಿಯಲ್ಲಿ ತಿಳ ಎಂದರೆ ಎಳ್ಳು, ಮಾತಿ ಎಂದರೆ ಮಣ್ಣು. ದಂಡಿಯನ್ನು ಓದದವರು ಇಟ್ಟ ಹೆಸರಿದು, ಉಪಮೆಯೆಂದರೆ ಇದು. ಬಣ್ಣವನ್ನೂ ಕಾಳಿನ ಗಾತ್ರವನ್ನೂ ಬೆರಳಿಗೆ ಆಗುವ ಜಾರುವಿಕೆಯನ್ನೂ ಎರಡು ಮಾತು ಹೇಳಿಬಿಟ್ಟವು. ನನಗೋ ನಮ್ಮೂರ ಎರೆಮಣ್ಣು ನೆನಪಾಯಿತು. ಆ ಹೋಲಿಕೆ ಬರಿಯ ತೌರಿನ ಹಂಬಲ. ಎರೆಮಣ್ಣು ಕಾಲಿಗೆ ಮೆತ್ತುತ್ತದೆ, ಇದು ಕಾಲನ್ನು ಬಿಡುತ್ತದೆ. ಪ್ರವಾಸಿಯ ಉಪಮೆಗಳಲ್ಲಿ ಮುಕ್ಕಾಲು ಪಾಲು ತನ್ನ ಊರಿನ ಗಂಟೇ ಆಗಿರುತ್ತದೆ.

ಒಂದು ಬಂಡೆಯ ನೆರಳಿನಲ್ಲಿ ಕುಳಿತು ಮನೆಯಿಂದ ತಂದ ಕಡಕ್ ರೊಟ್ಟಿ ಶೇಂಗಾಹಿಂಡಿ ಬಿಚ್ಚಿದೆ. ಸುತ್ತ ಯಾರೂ ಇಲ್ಲ. ಒಬ್ಬನೇ ಇರುವುದರ ಲಾಭವೆಂದರೆ ಕಂಡದ್ದನ್ನು ಕೂಡಲೇ ಯಾರಿಗೂ ಹೇಳಬೇಕಾಗಿಲ್ಲ. ಹೇಳುವ ಅವಸರದಲ್ಲಿಯೇ ಕಂಡದ್ದು ಅರ್ಧ ಕೆಡುತ್ತದೆ. ಅಪಾಯವೂ ಇದೆ. ನೋಡುವವನು ಒಬ್ಬನೇ ಆದಾಗ ಅವನೇ ಕಥಾನಾಯಕನಾಗಿಬಿಡುತ್ತಾನೆ. ಅಲೆ ಅವನಿಗಾಗಿ ಏಳುತ್ತದೆ, ಹಕ್ಕಿ ಅವನಿಗಾಗಿ ಕೂಗುತ್ತದೆ. ನನ್ನ ಜೇಬಿನ ಪುಸ್ತಕದಲ್ಲಿ ಆ ಮಧ್ಯಾಹ್ನ ಬರೆದ ಎರಡು ಪುಟಗಳಲ್ಲಿ 'ನಾನು', 'ನನ್ನ', 'ನನಗೆ' ಎಣಿಸಿದೆ, ಇಪ್ಪತ್ತಮೂರು. ಕಡಲು ನಾಲ್ಕು ಸಲ ಬಂದಿತ್ತು.

ಅಲ್ಲಿ ಕುಳಿತು ನಮ್ಮ ಹೊಸ ಕಾಲದ ಲೇಖಕರನ್ನು ಒಬ್ಬೊಬ್ಬರಾಗಿ ನೆನೆದೆ. ಮೊದಲು ವಿನಾಯಕ ಕೃಷ್ಣ ಗೋಕಾಕರು. ಸವಣೂರಿನವರು, ನನ್ನ ಹಾಗೆಯೇ ಬಯಲುಸೀಮೆಯ ಮನುಷ್ಯ. ೧೯೩೬ರಲ್ಲಿ ಆಕ್ಸ್‌ಫರ್ಡಿಗೆ ಹಡಗು ಹತ್ತಿದವರಿಗೆ ಕಡಲು ಎದುರಾಯಿತು. ೧೯೪೦ರಲ್ಲಿ 'ಸಮುದ್ರಗೀತೆಗಳು' ಬಂತು. ಅವರ ಕಡಲಿನಲ್ಲಿ ತತ್ತ್ವದ ಭಾರ ಹೆಚ್ಚು, ಉದ್ಗಾರವೂ ಹೆಚ್ಚು ಎಂಬ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಆದರೂ ಅವರಿಗೆ ಸಲ್ಲಬೇಕಾದ ಒಂದು ಮಾನವನ್ನು ಆಕ್ಷೇಪಿಸುವವರು ಮರೆಯುತ್ತಾರೆ. ಕಡಲನ್ನು ಕಂಡ ಮೇಲೆ ಅವರ ಛಂದಸ್ಸು ಹಳೆಯ ದಡದಲ್ಲಿ ನಿಲ್ಲಲಿಲ್ಲ. ಕನ್ನಡದಲ್ಲಿ ಮುಕ್ತಛಂದ ಮೊದಮೊದಲು ಎದ್ದು ಕಂಡ ಸಂಗ್ರಹಗಳಲ್ಲಿ ಅದೊಂದು. ಕಂಡದ್ದು ಪದಗಳನ್ನು ಬದಲಿಸದಿದ್ದರೂ ಲಯವನ್ನು ಬದಲಿಸಿತು. ನೋಡಿದ್ದಕ್ಕೆ ಅದಕ್ಕಿಂತ ಬಲವಾದ ಪುರಾವೆ ಯಾವುದು? ಪಂಜೆಯವರ 'ತೆಂಕಣ ಗಾಳಿಯಾಟ'ವನ್ನೂ ಈ ಸಾಲಿನಲ್ಲಿ ಇಡಬೇಕು. ಅಲ್ಲಿ ಕಡಲಕರೆಯ ಗಾಳಿ ಏನಾಗಿದೆ ಎಂಬುದಕ್ಕಿಂತ ಏನು ಮಾಡುತ್ತದೆ ಎಂಬುದು ಮುಖ್ಯ. ಮಕ್ಕಳಿಗೆಂದು ನಾವು ಅದನ್ನು ಪಕ್ಕಕ್ಕೆ ಎತ್ತಿಟ್ಟದ್ದು ದೊಡ್ಡವರಿಗೇ ನಷ್ಟ.

ಶಿವರಾಮ ಕಾರಂತರದು ಬೇರೆಯೇ ಬಗೆ. ಕೋಟದಲ್ಲಿ ಹುಟ್ಟಿ ಬೆಳೆದವರಿಗೆ ಕಡಲು ಪ್ರವಾಸದ ವಸ್ತುವಲ್ಲ. 'ಮರಳಿ ಮಣ್ಣಿಗೆ'ಯಲ್ಲಿ ಮೂರು ತಲೆಮಾರಿನ ಸಂಸಾರ ಕಡಲಿಗೂ ಹೊಳೆಗೂ ನಡುವಿನ ಚಿಕ್ಕ ನೆಲದ ಮೇಲೆ ಬಾಳುತ್ತದೆ. ಆ ಕಾದಂಬರಿಯನ್ನು ನಾನು ಮೂರು ಸಲ ಓದಿದ್ದೇನೆ. ಅದರಲ್ಲಿ ಕಡಲ ವರ್ಣನೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಪುಟ ತೆರೆದು ತೋರಿಸಲಾರೆ. ಆದರೆ ಕಡಲಿಲ್ಲದ ಪುಟವೂ ಇಲ್ಲವೆನಿಸುತ್ತದೆ. ಪಾರೋತಿ, ಸರಸೋತಿ, ನಾಗವೇಣಿಯರ ದುಡಿತದ ಹಿಂದೆ ಅದು ಮೊರೆಯುತ್ತಲೇ ಇರುತ್ತದೆ, ಬೀಸುವ ಕಲ್ಲಿನ ಸದ್ದು ನಮ್ಮ ಬಾಲ್ಯದ ಹಿಂದೆ ಇದ್ದ ಹಾಗೆ. ಇದನ್ನು ಪ್ರವಾಸಿ ಅನುಕರಿಸಲಾರ, ಅನುಕರಿಸಲೂ ಬಾರದು. ಒಂದು ದಿನದ ಅತಿಥಿ ಮನೆಯವನಂತೆ ಮಾತಾಡಿದರೆ ಅದು ವೇಷ.

ಯಶವಂತ ಚಿತ್ತಾಲರಲ್ಲಿ ಮೂರನೆಯ ದಾರಿಯೊಂದು ಕಾಣುತ್ತದೆ. ಕುಮಟೆ ತಾಲೂಕಿನ ಹನೇಹಳ್ಳಿಯವರಾದ ಅವರು ಬದುಕಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದರು. ಅಲ್ಲಿಂದಲೇ ಹನೇಹಳ್ಳಿಯನ್ನು ಮತ್ತೆ ಮತ್ತೆ ಬರೆದರು. ಮನೆಯವರೂ ಹೌದು, ದೂರದವರೂ ಹೌದು. ಠಾಕೂರರು ಹೇಳಿದ ನೆನಪಿನ ಕುಂಚ ಕನ್ನಡದಲ್ಲಿ ಎಲ್ಲಿಯಾದರೂ ಹೊತ್ತುಹೊತ್ತಿಗೆ ತೇವವಾಗಿ 'ಒಣಗದೆ' ಉಳಿದಿದ್ದರೆ ಅದು ಇವರಲ್ಲಿಯೇ ಎಂದು ನನ್ನ ಭಾವನೆ.

ಹಾಗಾದರೆ ಪ್ರವಾಸಪ್ರಬಂಧ ಬರೆಯುವವನಿಗೆ ಉಳಿದದ್ದೇನು? ಕಾರಂತರ ವಾಸವೂ ಇಲ್ಲ, ಚಿತ್ತಾಲರ ನೆನಪೂ ಇಲ್ಲ, ಗೋಕಾಕರ ಉಸಿರೂ ಇಲ್ಲ. ಅವನ ಹತ್ತಿರ ಇರುವುದು ಒಂದು ದಿನ. ಆ ಒಂದು ದಿನವನ್ನಾದರೂ ಅವನು ಪ್ರಾಮಾಣಿಕವಾಗಿ ಲೆಕ್ಕ ಒಪ್ಪಿಸಬಹುದು: ಎಷ್ಟು ಹೊತ್ತಿಗೆ ಗಾಳಿ ತಿರುಗಿತು, ನೀರು ಎಲ್ಲಿಯವರೆಗೆ ಬಂತು, ಏನನ್ನು ತಪ್ಪು ತಿಳಿದೆ, ಯಾರು ತಿದ್ದಿದರು. ವಿ.ಸೀ. ಅವರ 'ಪಂಪಾಯಾತ್ರೆ' ಇಂದಿಗೂ ಓದಿಸಿಕೊಳ್ಳುವುದು ಅದು ಒಂದೇ ಸ್ಥಳದಲ್ಲಿ ಮನಸ್ಸಿಟ್ಟು ನಿಂತದ್ದರಿಂದ. ನಮ್ಮವರು ಹತ್ತು ಊರು ನೋಡಿ ಒಂದು ಪ್ರಬಂಧ ಬರೆಯುತ್ತಾರೆ. ಒಂದು ಊರು ನೋಡಿ ಹತ್ತು ವಾಕ್ಯ ಬರೆದರೂ ಸಾಕಾಗಿತ್ತು.

ಈ ವಿಚಾರಗಳಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ. ಗಾಳಿ ತಿರುಗಿದ್ದನ್ನು ಮೊದಲು ಹೇಳಿದ್ದು ಕಿವಿ. ಬೆಳಗಿನಿಂದ ಪಿಸುಗುಡುತ್ತಿದ್ದ ನೀರು ಕಲ್ಲಿಗೆ ಬಡಿಯಲಾರಂಭಿಸಿತ್ತು. ಗಡಿಯಾರ ನೋಡಿದರೆ ನಾಲ್ಕಕ್ಕೆ ಹತ್ತಿರ. ಗುಡ್ಡ ದಾಟಿ ಈಚೆ ಇಳಿದಾಗ ಬೆಳಿಗ್ಗೆ ಒಣಗಿದ್ದ ಬಂಡೆಗಳ ಮೇಲೆ ನೀರು ಹತ್ತಿ ಇಳಿಯುತ್ತಿತ್ತು. ಎರಡು ಅಲೆಗಳ ನಡುವೆ ದಾಟಬಹುದೆಂದು ಲೆಕ್ಕಹಾಕಿ ಕಾಲಿಟ್ಟೆ, ಲೆಕ್ಕ ತಪ್ಪಿತು. ಪಾಚಿಯ ಮೇಲೆ ಜಾರಿ ಬಿದ್ದೆ. ಚಿಪ್ಪುಗಳ ಅಂಚಿಗೆ ಅಂಗೈ ಸೀಳಿತು, ಮೊಣಕಾಲು ಕೆತ್ತಿತು, ಒಂದು ಚಪ್ಪಲಿ ಹೋಯಿತು. ಸೊಂಟದವರೆಗೆ ಬಂದ ನೀರು ಹಿಂದಕ್ಕೆ ಎಳೆದಾಗ ಅಕ್ಕನ ವಚನವೂ ನೆನಪಾಗಲಿಲ್ಲ, ದಂಡಿಯೂ ನೆನಪಾಗಲಿಲ್ಲ. ಅಂಜಿದೆ. ನಾಲ್ಕು ಕಾಲಿನ ಪ್ರಾಣಿಯಂತೆ ಮೇಲೇರಿದೆ.

ಬಲೆಯ ಹಿರಿಯರು ಇನ್ನೂ ಅಲ್ಲಿಯೇ ಇದ್ದರು. ದಿನವಿಡೀ ಅವರನ್ನು ನಾನು ವಿರಾಮವಾಗಿ ಕುಳಿತವರೆಂದೇ ಎಣಿಸಿದ್ದೆ. ಈಗ ನೋಡಿದರೆ ಬೆಳಿಗ್ಗೆ ಅವರ ಎಡಕ್ಕಿದ್ದ ಬಲೆಯ ರಾಶಿ ಪೂರ್ತಿ ಬಲಕ್ಕೆ ಬಂದಿತ್ತು. ವಿರಾಮ ನನ್ನದು, ಅವರದಲ್ಲ. ನನ್ನ ಕೈ ನೋಡಿ ಉಪ್ಪುನೀರಿನಲ್ಲಿಯೇ ತೊಳೆದುಕೊಳ್ಳಲು ಹೇಳಿದರು. ಆಮೇಲೆ ಗದ್ದದಿಂದ ತೆಂಕಣದ ನಡುಗಡ್ಡೆಯ ಕಡೆ ತೋರಿಸಿ, "ಅಲ್ಲಿ ಬಂದವರೂ ನಿಮ್ಮ ಹಾಗೇ ಮೇಲಿನ ಸೀಮೆಯವರು" ಎಂದರು. ಕೂರ್ಮಗಡ. ೨೦೧೯ರ ಜನವರಿ ೨೧ರಂದು ಅಲ್ಲಿನ ನರಸಿಂಹ ಜಾತ್ರೆಯ ಯಾತ್ರಿಕರಿದ್ದ ದೋಣಿ ಮಗುಚಿ ೧೬ ಜನ ಮುಳುಗಿ ಸತ್ತರು. ಹಾವೇರಿ ಜಿಲ್ಲೆಯಿಂದ ಬಂದ ಒಂದೇ ಕುಟುಂಬದ ಹಲವರು ಅವರಲ್ಲಿದ್ದರು. ಅದೂ ಇಂಥದೇ ಚಳಿಗಾಲ. ಅವರೂ ಕಡಲು ನೋಡಲು ಬಂದವರೇ ಇರಬೇಕು.

ಇನ್ನೊಂದು ಸಂಗತಿಯನ್ನೂ ಪ್ರವಾಸಪ್ರಬಂಧಗಳು ಹೇಳುವುದಿಲ್ಲ. ಅಂಕೋಲೆಯಿಂದ ಕಾರವಾರಕ್ಕೆ ಬರುವ ದಾರಿಯಲ್ಲಿ ಉದ್ದಕ್ಕೂ ನೌಕಾನೆಲೆಯ ಗೋಡೆ. 'ಸೀಬರ್ಡ್' ಯೋಜನೆಗೆ ೧೯೮೬ರಲ್ಲಿ ಅಡಿಗಲ್ಲು ಬಿತ್ತು. ಕದಂಬ ನೌಕಾನೆಲೆ ೨೦೦೫ರಲ್ಲಿ ಕಾರ್ಯಾರಂಭ ಮಾಡಿತು. ದೇಶದ ರಕ್ಷಣೆಗೆ ಅದು ಬೇಕಾದದ್ದೆಂಬುದರಲ್ಲಿ ನನಗೆ ವಾದವಿಲ್ಲ. ಆದರೆ ಅದಕ್ಕಾಗಿ ಸಾವಿರಾರು ಕುಟುಂಬಗಳು ದಡ ಬಿಟ್ಟು ಎದ್ದುಹೋದವು. ಆ ದಡಗಳು ಇಂದು ಯಾವ ಪ್ರಬಂಧದಲ್ಲಿಯೂ ಇಲ್ಲ, ಏಕೆಂದರೆ ಪ್ರವಾಸಿಗೆ ಅಲ್ಲಿ ಪ್ರವೇಶವಿಲ್ಲ. 'ಕಾರವಾರದ ಕಡಲು' ಎಂದು ನಾವು ಬರೆಯುವುದೆಲ್ಲ ನಮಗೆ ಬಿಟ್ಟುಕೊಟ್ಟ ಉಳಿದ ಕಡಲಿನ ಮೇಲೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ರಸ್ತೆಯ ಬದಿಯ ಚಹದಂಗಡಿಯ ಅಕ್ಕ ನನ್ನ ಒದ್ದೆ ಬಟ್ಟೆ, ಒಂಟಿ ಚಪ್ಪಲಿ ನೋಡಿ ಏನೂ ಕೇಳದೆ ಬಿಸಿ ಚಹ ಕೊಟ್ಟಳು. ತೊಯ್ದ ಜೇಬಿನ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟು ಒಣಗಿಸುತ್ತಿದ್ದೆ. "ಏನು ಬರೆದ್ರಿ ಮಾಸ್ತರೆ, ನಮ್ಮ ಊರಿನ ವಿಷಯವಾ?" ಎಂದಳು. ಉಳಿದ ಎರಡು ಪುಟದಲ್ಲಿ ಓದುವ ಹಾಗಿದ್ದ ಮೊದಲ ವಾಕ್ಯವನ್ನು ಓದಿ ಹೇಳಿದೆ: 'ಬೆಳಗಿನ ಮಬ್ಬಿನಲ್ಲಿ ಐದಾರು ದೋಣಿಗಳು, ಮೀನುಗಾರರು ದಿನದ ಕೆಲಸಕ್ಕೆ ಹೊರಟಿದ್ದರು.'

"ಹೊರಟದ್ದಲ್ಲ ಅದು. ರಾತ್ರಿ ಹೋದವರು ತಿರುಗಿ ಬರುದು" ಎಂದಳು. "ನಮ್ಮ ಮನೆಯವ್ರೂ ಇದ್ರು ಅದರಲ್ಲಿ."

ಪೆನ್ನು ನೀರಿಗೆ ಕೆಟ್ಟಿತ್ತು. ಅವಳ ಲೆಕ್ಕದ ಪುಸ್ತಕದ ಪೆನ್ಸಿಲು ಕೇಳಿ ತೆಗೆದುಕೊಂಡು ವಾಕ್ಯವನ್ನು ತಿದ್ದಿದೆ.